ಓದುಗರ ಪ್ರಶ್ನೆ: ದುಡಿಯೋದು ನಮ್ಮೂರಲ್ಲಿ, ಲಾಭ ಹೋಗೋದು ಯಾವೂರಿಗೆ?

ಹೋದ ಸಂಚಿಕೆಲಿ ಮಂಡ್ಯ ಕಡೆ ಹಳ್ಳಿ ಡೈರಿಗಳ ಬಗ್ಗೆ ಬರೀವಾಗ, ಬೆಳಗಿನ ಜಾವ ಹಾಲಿನ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಲ್ಲೋ ಹೆಣ್ಮಗಳು ಬರೀ ಹಾಲು ಹಾಕೋಳಲ್ಲ, ಆ ಡೈರಿ ಹಾಲು ಹಾಕೋರದ್ದೇ ಸಹಕಾರ ಸಂಘ ಆಗಿರೋದ್ರಿಂದ ಅದ್ರ ಓನರ್ರೂ ಅವಳೇ ಅಂತ ಒಂದು ಸಾಲು ಬರ್ದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ, ವಾಟ್ಸಾಪ್ ಮೆಸೇಜು ಈ ಅಂಕಣಕ್ಕೆ ಯಾವತ್ತೂ ಬಂದಿರ್ಲಿಲ್ಲ. ಸರಿಯಾಗಿ ಹೇಳಿದ್ರಿ ಅಂದವ್ರು ಇದಾರೆ, ಓನರ್ ಅಂತೆ ಓನರ್ರು, ಬಟವಾಡೆ ದುಡ್ಡು ಟೈಮಿಗೆ ಕೊಟ್ರೆ ಸಾಕು ಅಂತ ಜಗಳಕ್ಕೆ ಬಂದವ್ರೂ ಇದಾರೆ. ನಾನು 22 ವರ್ಷ ಹಳ್ಳಿ ಡೈರಿಲಿ ಕಾರ್ಯದರ್ಶಿಯಾಗಿ ಲೆಕ್ಕ ಬರ್ದು ರಿಟೈರ್ ಆದೋನು, ಆ ಜಗಳ ನಂಗೆ ಹೊಸದಲ್ಲ, ಆದ್ರೂ ಈ ಸಲ ಬೇರೆ ವಿಷ್ಯ ಎಲ್ಲ ಪಕ್ಕಕ್ಕಿಟ್ಟು ಪೂರ್ತಿ ಜಾಗ ಇದಕ್ಕೇ ಕೊಡ್ತಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದಾರೆ, ಅದಕ್ಕೆ ಊರಷ್ಟೇ ಹಾಕಿದೀನಿ.

ಪ್ರಶ್ನೆ: ಸರ್, ನಮ್ಮಪ್ಪಂದು ಆಲೆಮನೆ ಇದೆ. ನಾನು ಬಿಇ ಮುಗ್ಸಿ ಬೆಂಗಳೂರಲ್ಲಿ ಎರಡು ವರ್ಷ ಇದ್ದು ವಾಪಸ್ ಬಂದೆ. ಅಕ್ಕಪಕ್ಕದ ಹಳ್ಳಿಯ 14 ಜನ ಸೇರ್ಕೊಂಡು ಕೆಮಿಕಲ್ ಹಾಕ್ದಿರೋ ಬೆಲ್ಲ ನಮ್ದೇ ಬ್ರ್ಯಾಂಡ್ ಮಾಡಿ ಮಾರೋಣ ಅಂತಿದೀವಿ. ಬೆಂಗಳೂರಿನವ್ರೊಬ್ರು 40 ಲಕ್ಷ ಹಾಕ್ತೀನಿ, 60 ಪರ್ಸೆಂಟ್ ಷೇರು ನಂಗೆ ಬರ್ಕೊಡಿ ಅಂತಿದಾರೆ. ಊರಲ್ಲೇ ಕೆಲಸ ಆಗುತ್ತಲ್ವಾ ಸರ್, ಓನರ್ ಯಾರಾದ್ರೇನು?
ಪಾಂಡವಪುರ ತಾಲ್ಲೂಕು

ಓನರ್ ಯಾರಾದ್ರೇನು ಅಂದ್ಯಲ್ಲ ಮಗಾ, ಆ ಮಾತಿಗೇ ನಿನ್ನ ಪತ್ರ ಮೊದ್ಲು ತಗೊಂಡೆ. ನಿಮ್ಮ ಆಲೆಮನೆಲಿ ಏನೇನು ನಡೆಯುತ್ತೆ ಅಂತ ನಿಂಗೆ ನಾನು ಹೇಳ್ಬೇಕಾಗಿಲ್ಲ, ಆದ್ರೂ ಓದೋರಿಗೋಸ್ಕರ ಹೇಳ್ತೀನಿ. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತೆ, ಒಲೆಗೆ ಒಣಗಿದ ಸಿಪ್ಪೆ ತುಂಬ್ತಾನೇ ಇರ್ಬೇಕು, ಕುದ್ದು ಕೊಳೆ ಮೇಲೆ ಬಂದಾಗ ಬೆಂಡೆ ಗಿಡದ ಲೋಳೆ ಬಿಟ್ಟು ಅದನ್ನ ತೆಗೀಬೇಕು, ಕೊನೆಗೆ ನಿಮ್ಮಪ್ಪ ಪಾಕನ ಒಂಚೂರು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ, ಹದ ಬಂತಾ ಇಲ್ವಾ ಅಂತ ಆ ಬೆರಳಿಗೇ ಗೊತ್ತಾಗ್ಬೇಕು. ಇಷ್ಟೆಲ್ಲ ಮಾಡಿ ಒಂದು ಟನ್ ಕಬ್ಬಿಗೆ ಹೆಚ್ಚೂಕಮ್ಮಿ ಒಂದು ಕ್ವಿಂಟಾಲ್ ಬೆಲ್ಲ. ಅದು ಮಂಡ್ಯ ಮಾರ್ಕೆಟ್‌ಗೆ ಹೋದ್ರೆ ಅಚ್ಚೋ, ಬಕೆಟ್ಟೋ, ಕುರಿಕಾಟೋ, ಬೆಲ್ಲದ ಥರ ಯಾವ್ದೇ ಇರ್ಲಿ, ದಲ್ಲಾಳಿ ಒಂದನ್ನ ಮುರ್ದು ಬಣ್ಣ ನೋಡ್ತಾನೆ, ರೇಟ್ ಹೇಳ್ತಾನೆ, ಅಲ್ಲಿಗೆ ಮುಗೀತು. ಹಳದಿಯಾಗಿ ಹೊಳೀತಿದ್ರೆ ಒಂದು ರೇಟು, ಕಂದಾಗಿದ್ರೆ ಅದಕ್ಕಿಂತ ಕಮ್ಮಿ. ಬೆಲ್ಲದ ಬಣ್ಣ ತಿಳಿ ಮಾಡೋ ಹೈಡ್ರೋಸ್ ಅನ್ನೋ ಕೆಮಿಕಲ್ ಸುರಿಯೋ ಚಾಳಿ ನಮ್ಮ ರೈತ್ರಿಗೆ ಹತ್ತಿದ್ದೇ ಆ ಬಣ್ಣದ ರೇಟಿಂದ. ಅಂದ್ರೆ ರಾತ್ರಿಯೆಲ್ಲ ಬೆವ್ರು ಸುರ್ಸಿದೋರು ನೀವು, ರೇಟ್ ಕಟ್ಟೋನು ಇನ್ನೊಬ್ಬ. ಕೆಮಿಕಲ್ ಇಲ್ದಿರೋ ಕಂದು ಬೆಲ್ಲಕ್ಕೆ ಆ ಜಾಗದಲ್ಲಿ ಯಾವತ್ತೂ ನ್ಯಾಯ ಸಿಗಲ್ಲ ಅಂತಾನೇ ತಾನೇ ನೀವು ಸ್ವಂತ ಬ್ರ್ಯಾಂಡ್ ಮಾಡೋಕೆ ಹೊರಟಿದ್ದು? ಈಗ ರೇಟ್ ಕಟ್ಟೋ ಆ ಒಂದು ಜಾಗವೇ ನಿಮ್ಮ ಕೈಗೆ ಬರ್ತಾ ಇದೆ, ಅದನ್ನ ವಾಪಸ್ ಬೆಂಗಳೂರಿನವ್ರ ಕೈಗೆ ಕೊಡ್ತೀನಿ ಅಂತಿದೀಯ.

ಲೆಕ್ಕಕ್ಕೆ ಅಂತ ಇಟ್ಕೋ. ಕಂಪನಿ ನಿಮ್ಮ ಹತ್ರ ಕೆಜಿಗೆ 50 ರೂಪಾಯಿಗೆ ತಗೊಂಡು, ಪ್ಯಾಕಿಂಗು, ಲಾರಿ ಬಾಡಿಗೆ, ಅಂಗಡಿಯವ್ರ ಕಮಿಷನ್ನು ಎಲ್ಲ ಕಳ್ದು 15 ರೂಪಾಯಿ ಉಳಿಸ್ತು. ಆ 15ರಲ್ಲಿ 9 ಅವ್ರಿಗೆ, 6 ನಿಮ್ಮ 14 ಜನಕ್ಕೆ. ಪರ್ವಾಗಿಲ್ಲ ಅನ್ಸುತ್ತೆ. ಆದ್ರೆ ಮುಂದಿನ ವರ್ಷ ಅವ್ರಿಗೆ 15ರ ಬದ್ಲು 20 ಉಳೀಬೇಕು ಅನ್ಸಿದ್ರೆ ಏನ್ ಮಾಡ್ತಾರೆ? ನಿಮ್ಮ 50ನ 45 ಮಾಡ್ತಾರೆ. 60 ಪರ್ಸೆಂಟ್ ಇರೋನು ಮೀಟಿಂಗಲ್ಲಿ ಕೈ ಎತ್ತಿದ್ರೆ ಸಾಕು, ನಿಮ್ಮ 14 ಜನರ ಕೈ ಸೇರಿದ್ರೂ ಅದನ್ನ ತಡೆಯೋಕಾಗಲ್ಲ. ನೀವು ಒಪ್ಪಲ್ಲ ಅಂದ್ರೆ ಬೇರೆ ಕಡೆ ಬೆಲ್ಲ ತರಿಸಿ ಅದೇ ಡಬ್ಬಿಗೆ ತುಂಬ್ತಾರೆ, ಬ್ರ್ಯಾಂಡ್ ಅವ್ರದ್ದೇ ಅಲ್ವಾ. ಅವ್ರು ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ಅವ್ರ ದುಡ್ಡಿಗೆ ಅವ್ರು ಲಾಭ ನೋಡ್ಲೇಬೇಕು, ಆದ್ರೆ ನಿಮಗೆ ಕಮ್ಮಿ ಕೊಟ್ಟಷ್ಟೂ ಅವ್ರಿಗೆ ಜಾಸ್ತಿ ಆಗೋ ಥರ ಕಂಪನಿ ಕಟ್ಟಿದ್ರೆ ಒಳ್ಳೇ ಮನುಷ್ಯನೂ ಅದನ್ನೇ ಮಾಡ್ತಾನೆ.

ಇದಕ್ಕೆ ಬೇರೆ ದಾರಿ ಇದೆ. 2002ರಲ್ಲಿ ಕಂಪನಿ ಕಾನೂನಿಗೆ ಉತ್ಪಾದಕರ ಕಂಪನಿ ಅಂತ ಸೇರಿಸಿದ್ರು, ಹತ್ತು ಜನ ಬೆಳೆಗಾರ್ರು ಇದ್ರೆ ರಿಜಿಸ್ಟರ್ ಮಾಡ್ಬೋದು, ನೀವು 14 ಇದೀರ. ಅದ್ರಲ್ಲಿ ಎಷ್ಟೇ ಷೇರು ಇರ್ಲಿ ಒಬ್ಬರಿಗೆ ಒಂದೇ ಓಟು, ಬೆಳೆಯದೇ ಇರೋ ಹೊರಗಿನವ್ರಿಗೆ ಷೇರು ಮಾರೋ ಹಾಗಿಲ್ಲ, ಷೇರಿನ ಮೇಲೆ ಇಷ್ಟೇ ಅಂತ ಮಿತಿ ಇರೋ ಡಿವಿಡೆಂಡ್ ಕೊಟ್ಟು ಉಳಿದ ಲಾಭನ ಯಾರು ಎಷ್ಟು ಬೆಲ್ಲ ಹಾಕಿದ್ರೋ ಆ ಲೆಕ್ಕದಲ್ಲಿ ಬೋನಸ್ ಥರ ಹಂಚ್ಬೋದು. ಕೇಂದ್ರ ಸರ್ಕಾರ 2020ರಲ್ಲಿ 10,000 ಎಫ್‌ಪಿಒ ಸ್ಕೀಮ್, ಅಂದ್ರೆ ರೈತ ಉತ್ಪಾದಕರ ಸಂಸ್ಥೆ ಕಟ್ಟೋ ಸ್ಕೀಮ್, ಅಂತ ತಂತಲ್ಲ, ಅದ್ರಲ್ಲಿ ಬಯಲು ಸೀಮೆಗೆ ಕನಿಷ್ಠ 300 ಸದಸ್ಯರು ಬೇಕು, ಒಬ್ಬ ಸದಸ್ಯನ ಷೇರಿಗೆ ಸರ್ಕಾರನೂ 2,000 ರೂಪಾಯಿ ತನಕ ಸಮ ಹಾಕುತ್ತೆ, ಒಟ್ಟು 15 ಲಕ್ಷದ ಮಿತಿ. ಮೂರು ವರ್ಷ ಮ್ಯಾನೇಜರ್ ಸಂಬಳ, ಆಫೀಸ್ ಖರ್ಚಿಗೆ 18 ಲಕ್ಷ ಬೇರೆ. ಹೊಸ ಕಂಪನಿಗಳನ್ನ ಈಗ ಅದಕ್ಕೆ ಸೇರಿಸ್ಕೊಳ್ತಿದಾರಾ ಅಂತ ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್‌ನವ್ರನ್ನೋ ಕೃಷಿ ಇಲಾಖೆಯವ್ರನ್ನೋ ಕೇಳಿ, ಅದು ಸಿಗ್ದಿದ್ರೂ 14 ಜನರಿಂದಲೇ ಶುರು ಮಾಡ್ಬೋದು. ಒಂದು ಜಿಲ್ಲೆ ಒಂದು ಉತ್ಪನ್ನ ಅನ್ನೋದ್ರಲ್ಲಿ ಮಂಡ್ಯಕ್ಕೆ ಬಂದಿರೋದೇ ಬೆಲ್ಲ, ಮಂಡ್ಯ ಹತ್ರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಬ್ಬಿನ ಮೇಲೆ ಸಂಶೋಧನೆ ಮಾಡೋರು ಇದಾರೆ, ಗಾಡಿ ಹತ್ತಿದ್ರೆ ಒಂದು ಗಂಟೆ ದಾರಿನೂ ಇಲ್ಲ ನಿಮಗೆ.

ಬೆಂಗಳೂರಿನವ್ರ ದುಡ್ಡು ಬೇಕೇ ಬೇಕು ಅಂದ್ರೆ ಸಾಲ ಅಂತ ತಗೊಳ್ಳಿ, ಒಳ್ಳೇ ಬಡ್ಡಿನೇ ಕೊಡಿ, ಬೆಂಗಳೂರಲ್ಲಿ ಮಾರೋ ಜವಾಬ್ದಾರಿ ಅವ್ರಿಗೇ ಕೊಟ್ಟು ಕಮಿಷನ್ ಕೊಡಿ. ಸಾಲ ಐದು ವರ್ಷಕ್ಕೆ ತೀರುತ್ತೆ, ಬರ್ಕೊಟ್ಟ ಷೇರು ನಿನ್ನ ಮಕ್ಕಳ ಕಾಲಕ್ಕೂ ತೀರಲ್ಲ.

ಇನ್ನೊಂದು ಕಹಿ ವಿಷ್ಯ ಹೇಳ್ದೆ ಬಿಟ್ರೆ ತಪ್ಪಾಗುತ್ತೆ. ಇಂಥ ಕಂಪನಿಗಳು ಬೀಳೋದು ಹೊರಗಿನವ್ರಿಂದ ಅಷ್ಟಲ್ಲ, ಒಳಗಿನವ್ರಿಂದ. ಮಂಡಿಲಿ ಕೆಜಿಗೆ 2 ರೂಪಾಯಿ ಜಾಸ್ತಿ ಅಂತ ಗೊತ್ತಾದ ದಿನ ನಿಮ್ಮ 14ರಲ್ಲಿ ಎಷ್ಟು ಜನ ಕಂಪನಿಗೇ ಬೆಲ್ಲ ಹಾಕ್ತೀರ? ರಿಜಿಸ್ಟರ್ ಆಫೀಸಿಗೆ ಹೋಗೋ ಮುಂಚೆ ಒಂದು ಸಂಜೆ ಎಲ್ಲ ಕೂತು ಇದನ್ನ ಮುಖಾಮುಖಿ ಮಾತಾಡ್ಕೊಳ್ಳಿ. ವರ್ಷಕ್ಕೆ ಇಷ್ಟು ಕ್ವಿಂಟಾಲ್ ಹಾಕೇ ಹಾಕ್ತೀನಿ ಅಂತ ಬರ್ದು ಸೈನ್ ಹಾಕಿ. ಸೈನ್ ಹಾಕೋಕೆ ಹಿಂದೆಮುಂದೆ ನೋಡೋರನ್ನ ಬೈಬೇಡಿ, ಮುಂದಿನ ವರ್ಷ ಬನ್ನಿ ಅನ್ನಿ.

ಪ್ರಶ್ನೆ: ನೀವು ಸಂಘ, ಸಹಕಾರ ಅಂತ ಬರೀತಾನೇ ಇರ್ತೀರಿ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಏನಾಯ್ತು, ಪಾಂಡವಪುರ ಸಕ್ಕರೆ ಫ್ಯಾಕ್ಟರಿ ಏನಾಯ್ತು ನೋಡಿಲ್ವಾ? ಸಂಘ ಅಂದ್ರೆ ರಾಜಕೀಯ, ಎಲೆಕ್ಷನ್ನು, ತಿನ್ನೋದು. ಖಾಸಗಿಯವ್ರೇ ವಾಸಿ.
ಮಂಡ್ಯ ನಗರ

ನಿಮ್ಮ ಕೋಪ ನಂಗೂ ಇದೆ ಸ್ವಾಮಿ. ಮಂಡ್ಯದೋನು ಯಾವನಾದ್ರೂ ಆ ಚಿಮಣಿ ಕಡೆ ನೋಡಿ ನೆಮ್ಮದಿಯಾಗಿ ಇರೋಕಾಗುತ್ತಾ? ಕೆಆರ್‌ಎಸ್ ನೀರು ನಾಲೆಗೆ ಬಂದು, ಬರಡು ಭೂಮಿಲಿ ಕಬ್ಬು ಎದ್ದು, 1933ರಲ್ಲಿ ಕಾರ್ಖಾನೆ ಶುರುವಾಯ್ತು, ಕೃಷಿ ಇಲಾಖೆಯ ಕೋಲ್ಮನ್ ಸಾಹೇಬ್ರು ಮುಂದೆ ನಿಂತು ಕಟ್ಟಿದ್ರು, ಅದಾಗಿ ಆರು ವರ್ಷಕ್ಕೆ, 1939ರಲ್ಲಿ, ಮಂಡ್ಯ ಅನ್ನೋ ಜಿಲ್ಲೆನೇ ಆಯ್ತು. ಆದ್ರೆ ಒಂದನ್ನ ಬೇರೆ ಮಾಡಿ ನೋಡ್ಬೇಕು. ಮೈಷುಗರ್ ಸಹಕಾರ ಸಂಘ ಅಲ್ಲ, ಸರ್ಕಾರಿ ಕಂಪನಿ. ಸಾವಿರಾರು ರೈತರ ಷೇರು ಅದ್ರಲ್ಲಿ ಇದೆ, ಆದ್ರೆ ಹಿಡಿತ ಯಾವತ್ತೂ ಅವ್ರದ್ದಾಗಿರ್ಲಿಲ್ಲ. ಕೆಲವು ವರ್ಷ ನಿಂತೇ ಹೋಗಿ, ಖಾಸಗಿಗೆ ಕೊಡ್ಬೇಡಿ ಅಂತ ರೈತ್ರು ಧರಣಿ ಕೂತ ಮೇಲೆ 2022ರಲ್ಲಿ ಸರ್ಕಾರವೇ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿಸ್ತು. ಪಾಂಡವಪುರದ್ದು ನಿಜವಾಗ್ಲೂ ಸಹಕಾರಿ ಕಾರ್ಖಾನೆ, ಅದು 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವ್ರಿಗೆ ಹೋಯ್ತು. ಎರಡು ಕಡೆನೂ ರೈತನ ಹೆಸರಲ್ಲಿ ಷೇರು ಇತ್ತು, ಆದ್ರೂ ಹೀಗಾಯ್ತು. ಅದು ಯಾಕೆ ಅನ್ನೋದೇ ನನ್ನನ್ನ ಕಾಡೋ ಪ್ರಶ್ನೆ.

ನಮ್ಮೂರಿನ ಒಂದು ಸಂಘದ ಕಥೆ ಹೇಳ್ತೀನಿ, ಸಂಘದ ಹೆಸರು ಬೇಡ. ವರ್ಷಕ್ಕೊಂದು ಸರ್ವ ಸದಸ್ಯರ ಸಭೆ, ಸೆಪ್ಟೆಂಬರಲ್ಲಿ. ಶಾಮಿಯಾನ ಹಾಕ್ತಾರೆ, ಬಾಗಿಲಲ್ಲೇ ಎಲ್ಲರಿಗೂ ಒಂದೊಂದು ಸ್ಟೀಲ್ ಕ್ಯಾನು ಗಿಫ್ಟು, ಒಳಗೆ ಲೆಕ್ಕಪತ್ರ ಓದೋದು ನಾಲ್ಕು ನಿಮಿಷ, ಒಪ್ಪಿಗೆನಾ ಅಂದ್ರೆ ಊಟದ ಕಡೆ ಮುಖ ಮಾಡ್ಕೊಂಡೇ ಒಪ್ಗೆ ಒಪ್ಗೆ ಅಂತಾರೆ. ಒಂದು ವರ್ಷ ಎರಡು ಹಸು ಸಾಕ್ಕೊಂಡಿದ್ದ ಒಬ್ಬ ಅಜ್ಜಿ ಎದ್ದು ನಿಂತ್ಲು. ಓದೋಕೆ ಬರಲ್ಲ, ಮೊಮ್ಮಗಳ ಕೈಲಿ ಓದಿಸ್ಕೊಂಡು ಬಂದಿದ್ಲು. ಪಶು ಆಹಾರ ಬಂದಿದ್ದು ಇಷ್ಟು ಮೂಟೆ ಅಂತ ಈ ಪುಟದಲ್ಲಿದೆ, ಮಾರಿದ್ದು ಇಷ್ಟು ಅಂತ ಆ ಪುಟದಲ್ಲಿದೆ, ನಡುವೆ 38 ಮೂಟೆ ಎಲ್ಲಿ ಹೋಯ್ತು ಮಗಾ ಅಂದ್ಲು. ಅಷ್ಟೇ ಕೇಳಿದ್ದು. ಶಾಮಿಯಾನದ ಕೆಳಗೆ ಇದ್ದ ಸದ್ದೆಲ್ಲ ನಿಂತೋಯ್ತು, ಪರದೆ ಆಚೆ ಅಡುಗೆಯವ್ನು ಸೌಟು ಇಟ್ಟ ಶಬ್ದ ನಂಗೆ ಈಗ್ಲೂ ಕಿವಿಲಿದೆ. ಆ ದುಡ್ಡು ವಸೂಲಾಯ್ತು. ಮುಂದಿನ ವರ್ಷ ಸಭೆ ಮೂರು ಗಂಟೆ ನಡೀತು, ಊಟ ಆರಿ ಹೋಯ್ತು, ಒಬ್ರೂ ಎದ್ದು ಹೋಗ್ಲಿಲ್ಲ.

ಹಾಲಿನ ಸಂಘಗಳು ಸಕ್ಕರೆ ಕಾರ್ಖಾನೆಗಿಂತ ಚೆನ್ನಾಗಿ ಉಳ್ಕೊಂಡಿದ್ದು ಯಾಕೆ ಅಂತ ನನ್ನ ಅನುಭವದಲ್ಲಿ ಹೇಳೋದಾದ್ರೆ, ಹಾಲು ದಿನಕ್ಕೆ ಎರಡು ಹೊತ್ತು ಹಾಕ್ಬೇಕು, ಫ್ಯಾಟ್ ಎಷ್ಟು ಬಂತು, ಲ್ಯಾಕ್ಟೋಮೀಟರ್ ಡಿಗ್ರಿ ಎಷ್ಟು ಅಂತ ಅಲ್ಲೇ ಕಣ್ಣೆದುರಿಗೆ ಕಾಣುತ್ತೆ, ಬಟವಾಡೆ ಬೇಗ ಬೇಗ ಬರುತ್ತೆ, ಮೋಸ ಆದ್ರೆ ವಾರದಲ್ಲಿ ಗೊತ್ತಾಗುತ್ತೆ. ಕಬ್ಬು ವರ್ಷಕ್ಕೊಂದ್ಸಲ, ತೂಕ ಎಲ್ಲೋ, ಇಳುವರಿ ಲೆಕ್ಕ ಎಲ್ಲೋ, ದುಡ್ಡು ಯಾವಾಗ್ಲೋ. 1946ರಲ್ಲಿ ಗುಜರಾತಿನ ಖೇಡಾದಲ್ಲಿ ಶುರುವಾದ ಮಾದರಿನ 1974ರಿಂದ ನಮ್ಮ ರಾಜ್ಯ ತಗೊಂಡು ಹಳ್ಳಿ ಸಂಘ, ಜಿಲ್ಲಾ ಒಕ್ಕೂಟ, ಮೇಲೊಂದು ಮಹಾಮಂಡಳಿ ಅಂತ ಕಟ್ತು. ಮಂಡ್ಯ ಹಾಲು ಒಕ್ಕೂಟದ ಡೈರಿ ಇರೋ ಗೆಜ್ಜಲಗೆರೆಗೆ ಹೋಗೋ ಟ್ಯಾಂಕರ್ ಪ್ರತಿಯೊಂದ್ರಲ್ಲೂ ಇರೋದು ಎರಡು ಹಸು ಮೂರು ಹಸು ಇರೋರ ಹಾಲು. ಒಕ್ಕೂಟಗಳಲ್ಲೂ ಹಗರಣ ಆಗಿವೆ, ಇಲ್ಲ ಅನ್ನಲ್ಲ. ಆದ್ರೆ ಖಾಸಗಿ ಕಂಪನಿಲಿ 38 ಮೂಟೆ ಎಲ್ಲಿ ಹೋಯ್ತು ಅಂತ ಕೇಳೋಕೆ ಆ ಅಜ್ಜಿಗೆ ಕುರ್ಚಿನೇ ಇರಲ್ಲ. ನಮ್ಮ ಗದಗ ಜಿಲ್ಲೆ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಬಡ್ಡಿ ಸಾಹುಕಾರ್ರಿಂದ ರೈತ್ರನ್ನ ಬಿಡಿಸೋಕೆ. ಕೇರಳದ ಊರಾಳುಂಗಲ್ ಕೂಲಿ ಕಾರ್ಮಿಕರ ಸಂಘ 1925ರದ್ದು, ಕೆಲಸ ಮಾಡೋರೇ ಓನರ್ರು, ಇವತ್ತು ಹೈವೇ, ಸೇತುವೆ ಕಟ್ತಿದಾರೆ, ಕೋಳಿಕ್ಕೋಡಲ್ಲಿ ಐಟಿ ಪಾರ್ಕ್ ಕೂಡ ಕಟ್ಟಿದಾರೆ. ನೂರು ವರ್ಷ ನಡ್ಸಿದಾರೆ ಅವ್ರು. ನಮ್ಮ ಕೈಲೂ ಆಗುತ್ತೆ.

ಪ್ರಶ್ನೆ: ಅಣ್ಣಾ, ನಮ್ಮ ಸ್ವಸಹಾಯ ಸಂಘಕ್ಕೆ 11 ವರ್ಷ ಆಯ್ತು, 15 ಜನ ಇದೀವಿ. ಉಳಿತಾಯ ಇದೆ, ಒಳಗೊಳಗೇ ಸಾಲ ಕೊಟ್ಕೊಂಡು ಬಡ್ಡಿ ಹಂಚ್ಕೊಳ್ತೀವಿ, ಅದು ಬಿಟ್ರೆ ಮುಂದಕ್ಕೆ ಹೋಗಿಲ್ಲ. ಹಪ್ಪಳ, ರಾಗಿ ಹುರಿಹಿಟ್ಟು ಮಾಡ್ತೀವಿ. ಮೈಸೂರಿನ ಅಂಗಡಿಯವ್ರು ನಿಮ್ಮ ಹೆಸ್ರು ಬೇಡ, ನಮ್ಮ ಚೀಟಿ ಅಂಟಿಸ್ಕೊಳ್ತೀವಿ, ಕೆಜಿ ಲೆಕ್ಕದಲ್ಲಿ ದುಡ್ಡು ಕೊಡ್ತೀವಿ ಅಂತಾರೆ.
ತಿ. ನರಸೀಪುರ

ಆರ್ಡರ್ ತಗೊಳ್ಳಿ ತಾಯಿ, ಬಿಡ್ಬೇಡಿ. ಕೈಗೆ ಕೆಲಸ ಬರುತ್ತೆ, ಪ್ರಮಾಣ ಜಾಸ್ತಿ ಮಾಡೋದು ಅಭ್ಯಾಸ ಆಗುತ್ತೆ. ಆದ್ರೆ ಮಾಡೋದ್ರಲ್ಲಿ ಅರ್ಧ ಮಾತ್ರ ಅವ್ರ ಚೀಟಿಗೆ, ಇನ್ನರ್ಧ ನಿಮ್ಮ ಹೆಸರಲ್ಲೇ ಮಾರಿ, ಸಂತೆಲೋ, ಊರ ಜಾತ್ರೆಲೋ, ಬಸ್ ಸ್ಟ್ಯಾಂಡ್ ಅಂಗಡಿಲೋ. ಹುರಿಹಿಟ್ಟಿನ ರುಚಿ ನಿಮ್ದು ಅಂತ ಜನಕ್ಕೆ ಗೊತ್ತಿರೋ ತನಕ ಅಂಗಡಿಯವ್ರು ರೇಟ್ ಇಳಿಸೋಕೆ ಯೋಚನೆ ಮಾಡ್ತಾರೆ. ಗೊತ್ತಿಲ್ದೆ ಹೋದ್ರೆ ಹದಿನೈದು ಜನರ ಬದ್ಲು ಬೇರೆ ಹದಿನೈದು ಜನ ಸಿಗ್ತಾರೆ ಅವ್ರಿಗೆ.

ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡಿ, ಇದನ್ನ ನಾನು ಎಷ್ಟೋ ಸಂಘಗಳಲ್ಲಿ ಕೂತು ಹೇಳಿದೀನಿ. ಹುರಿಹಿಟ್ಟಿಗೆ ಖರ್ಚೆಷ್ಟು ಅಂದ್ರೆ ರಾಗಿ ಇಷ್ಟು, ಮಿಲ್ಲಿಗೆ ಇಷ್ಟು, ಕವರ್‌ಗೆ ಇಷ್ಟು ಅಂತ ಬರೀತೀರ, ರಾಗಿ ತೊಳೆದು, ನೆರಳಲ್ಲಿ ಆರಿಸಿ, ಒಲೆ ಮುಂದೆ ಕೂತು ಅರಳು ಬರೋ ತನಕ ಹುರಿದ ನಿಮ್ಮ ಹೊತ್ತನ್ನ ಬರೆಯೋದೇ ಇಲ್ಲ. ಮನೆ ಕೆಲಸದ ಥರ ಅದು ಲೆಕ್ಕಕ್ಕೇ ಬರಲ್ಲ. ದಿನದ ಕೂಲಿ ಎಷ್ಟಿದೆಯೋ ಅಷ್ಟನ್ನೂ ಖರ್ಚಲ್ಲಿ ಬರೀರಿ. ಬರೆದ ಮೇಲೂ ಉಳಿದ್ರೆ ಅದು ಲಾಭ. ಅಂಗಡಿಯವ್ರು ಹೇಳಿದ ಕೆಜಿ ರೇಟು ಕೂಲಿನೂ ಹುಟ್ಟಿಸಲ್ಲ ಅಂತ ಅವತ್ತೇ ಗೊತ್ತಾಗ್ಬೋದು.

ಹಪ್ಪಳ ಅಂದ್ರಲ್ಲ, 1959ರಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸ್ರು 80 ರೂಪಾಯಿ ಸಾಲ ತಗೊಂಡು ಮಹಡಿ ಮೇಲೆ ಹಪ್ಪಳ ಲಟ್ಟಿಸೋಕೆ ಕೂತಿದ್ದೇ ಲಿಜ್ಜತ್. ಇವತ್ತಿಗೂ ಅಲ್ಲಿ ಹಪ್ಪಳ ಮಾಡೋಳೇ ಓನರ್ರು, ಹೊರಗಿನ ದುಡ್ಡಿಗೆ ಜಾಗ ಕೊಟ್ಟಿಲ್ಲ. ನಮ್ಮ ಎಚ್.ಡಿ. ಕೋಟೆ ಕಡೆ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆಯವ್ರು 1980ರ ದಶಕದಲ್ಲಿ ಕಟ್ಟಿದ ಸಣ್ಣ ಸಣ್ಣ ಗುಂಪುಗಳನ್ನ ನೋಡೇ ನಬಾರ್ಡ್ 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಕೊಡೋದು ಶುರು ಮಾಡಿದ್ದು, ಅಂದ್ರೆ ನೀವು ನಡ್ಸೋ ಈ ಪದ್ಧತಿಗೆ ನಿಮ್ಮ ಜಿಲ್ಲೆ ಮಣ್ಣೂ ಸೇರಿದೆ. ಪಕ್ಕದಲ್ಲೇ ಮೈಸೂರಲ್ಲಿ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, 1950ರಿಂದ ಆಹಾರ ಕೆಡದ ಹಾಗೆ ಇಡೋದು, ಪ್ಯಾಕ್ ಮಾಡೋದು ಇದನ್ನೇ ಮಾಡ್ತಿರೋರು, ತರಬೇತಿನೂ ಕೊಡ್ತಾರೆ. ಕಿರು ಆಹಾರ ಘಟಕಗಳಿಗೆ ಅಂತ 2020ರಲ್ಲಿ ಬಂದ ಪಿಎಂಎಫ್‌ಎಂಇ ಸ್ಕೀಮಲ್ಲಿ ಆಹಾರ ಮಾಡೋ ಸಂಘದ ಸದಸ್ಯೆಗೆ ತಲಾ 40,000 ತನಕ ಬೀಜಧನ, ಅಂದ್ರೆ ಸಾಮಾನು, ಸಲಕರಣೆ ಕೊಳ್ಳೋಕೆ ದುಡ್ಡು ಅಂತ ಇತ್ತು, ನಿಮ್ಮ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಅದು ಈಗ ಹೇಗಿದೆ ಅಂತ ವಿಚಾರಿಸಿ. ಎಫ್‌ಎಸ್‌ಎಸ್‌ಎಐ ಅನ್ನೋ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾತ್ರ ಮರೀಬೇಡಿ, ಅದಿಲ್ದೆ ಪ್ಯಾಕೆಟ್ ಮಾರೋ ಹಾಗಿಲ್ಲ.

ಪ್ರಶ್ನೆ: ನಾನು ರಿಟೈರ್ಡ್ ಟೀಚರ್. ಊರಿನ ದುಡ್ಡು ಊರಲ್ಲೇ ಉಳೀಲಿ ಅಂತ ಆನ್‌ಲೈನ್ ಬಿಟ್ಟು ಬೀದಿ ಕೊನೆ ಅಂಗಡಿಲೇ ಸಾಮಾನು ತರ್ತೀನಿ. ಇದ್ರಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ? ಉಳಿತಾಯದ ದುಡ್ಡನ್ನೂ ಲೋಕಲ್ ಸೊಸೈಟಿಲಿ ಇಡ್ಲಾ?
ಕುವೆಂಪುನಗರ, ಮೈಸೂರು

ಆಗುತ್ತೆ ಮೇಡಂ, ಆದ್ರೆ ನೀವು ಅಂದ್ಕೊಂಡಷ್ಟಲ್ಲ. ಬೀದಿ ಅಂಗಡಿಲಿ ದೊಡ್ಡ ಕಂಪನಿ ಸೋಪು 100 ರೂಪಾಯಿಗೆ ತಗೊಂಡ್ರೆ ಅಂಗಡಿಯವ್ರ ಮಾರ್ಜಿನ್ನು ಮಾತ್ರ ಮೈಸೂರಲ್ಲಿ ಉಳಿಯುತ್ತೆ, ಬಾಕಿ ಅವತ್ತೇ ಹೊರಟುಹೋಗುತ್ತೆ. ಅದೇ 100 ರೂಪಾಯಿಗೆ ನಂಜನಗೂಡಿನ ಬಾಳೆಹಣ್ಣು, ಸಂತೆ ತರಕಾರಿ, ಗಾಣದ ಎಣ್ಣೆ ತಗೊಂಡ್ರೆ ಬೆಳೆದವ್ರಿಗೆ, ಅರೆದವ್ರಿಗೆ ಹೋಗಿ, ಅವ್ರು ಮತ್ತೆ ಇಲ್ಲೇ ಯಾವ್ದೋ ಅಂಗಡಿಲಿ ಖರ್ಚು ಮಾಡ್ತಾರೆ. ಎಲ್ಲಿ ತಗೊಂಡ್ರಿ ಅನ್ನೋದ್ರ ಜೊತೆಗೆ ಯಾರು ಮಾಡಿದ್ದು ತಗೊಂಡ್ರಿ ಅನ್ನೋದನ್ನೂ ನೋಡಿ.

ಇದಕ್ಕಿಂತ ದೊಡ್ಡ ಕೈ ಇರೋದು ಸಂಸ್ಥೆಗಳಿಗೆ. ಇಂಗ್ಲೆಂಡಿನ ಪ್ರೆಸ್ಟನ್ ಅನ್ನೋ ಊರಲ್ಲಿ ದೊಡ್ಡ ಮಾಲ್ ಬರುತ್ತೆ ಅಂತ ವರ್ಷಗಟ್ಟಲೆ ಕಾದ್ರು, 2011ರಲ್ಲಿ ಅದು ಮುರ್ದು ಬಿತ್ತು. ಆಮೇಲೆ ನಗರಸಭೆ, ಕಾಲೇಜು, ಪೊಲೀಸ್ ಥರದ ಊರಿನ ದೊಡ್ಡ ಸಂಸ್ಥೆಗಳೆಲ್ಲ ಕೂತು ನಮ್ಮ ಖರೀದಿಲಿ ಊರಿನವ್ರಿಗೆ ಎಷ್ಟು ಹೋಗ್ತಿದೆ ಅಂತ ಲೆಕ್ಕ ಹಾಕಿದ್ರು, 2012-13ರಲ್ಲಿ ನೂರಕ್ಕೆ 5 ಇತ್ತು, ಟೆಂಡರ್‌ಗಳನ್ನ ಸಣ್ಣ ಸಣ್ಣದಾಗಿ ಒಡೆದು ಊರಿನವ್ರೂ ಹಾಕೋ ಹಾಗೆ ಮಾಡಿ 2016-17ಕ್ಕೆ 18 ದಾಟಿಸಿದ್ರು. ಮೈಸೂರಲ್ಲಿ ಇಂಥ ಸಂಸ್ಥೆಗೆ ಏನು ಬರ? 1916ರ ವಿಶ್ವವಿದ್ಯಾಲಯ, ಕೆ.ಆರ್. ಆಸ್ಪತ್ರೆ, ಬೀದಿಗೊಂದು ಹಾಸ್ಟೆಲ್ಲು, ಕಲ್ಯಾಣ ಮಂಟಪ. ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ತರಕಾರಿ, ಎಷ್ಟು ಬೆಡ್‌ಶೀಟು. ನೀವು ಟೀಚರ್ ಆಗಿದ್ದ ಶಾಲೆಲಿ ಯೂನಿಫಾರಂ ಬಟ್ಟೆ ಎಲ್ಲಿಂದ ಬರುತ್ತೆ, ಹೊಲಿಯೋರು ಯಾರು ಅಂತ ಒಂದ್ಸಲ ಹೋಗಿ ಕೇಳಿ. ಆ ಹೊಲಿಗೆ ಆರ್ಡರ್ ಒಂದು ಮಹಿಳಾ ಸಂಘಕ್ಕೆ ತಿರುಗಿದ್ರೆ ನಿಮ್ಮ ಹತ್ತು ವರ್ಷದ ದಿನಸಿಗಿಂತ ದೊಡ್ಡದು ಅದು. ಕುಂಬಾರಕೊಪ್ಪಲಲ್ಲಿ ಕಸ ಬೇರೆ ಮಾಡಿ, ಒಣಗಿದ್ದನ್ನ ಮಾರಿ, ಹಸಿದನ್ನ ಗೊಬ್ಬರ ಮಾಡಿ ರೈತ್ರಿಗೆ ಕೊಡ್ತಾರಲ್ಲ, ಅದೂ ಇಂಥದ್ದೇ, ಸಾಧ್ಯ ಆದ್ರೆ ಹೋಗಿ ನೋಡ್ಕೊಂಡ್ ಬನ್ನಿ.

ಉಳಿತಾಯದ ವಿಷ್ಯದಲ್ಲಿ ಮಾತ್ರ ಹುಷಾರು. ಸಹಕಾರಿ ಬ್ಯಾಂಕ್ ಬೇರೆ, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘ ಬೇರೆ. ಬ್ಯಾಂಕ್ ಆದ್ರೆ ಸಹಕಾರಿ ಆಗಿದ್ರೂ 5 ಲಕ್ಷದ ತನಕ ಠೇವಣಿಗೆ ವಿಮೆ ಇರುತ್ತೆ, ಸಂಘಗಳಿಗೆ ಆ ವಿಮೆ ಇಲ್ಲ. ಬಡ್ಡಿ ಒಂದೂವರೆ ಪರ್ಸೆಂಟ್ ಜಾಸ್ತಿ ಅಂತ ಪೆನ್ಷನ್ ದುಡ್ಡು ಪೂರ್ತಿ ತಗೊಂಡ್ಹೋಗಿ ಒಂದೇ ಸೊಸೈಟಿಲಿ ಇಡ್ಬೇಡಿ. ಸ್ವಲ್ಪ ಇಡಿ, ಸದಸ್ಯರಾಗಿ, ಆಡಿಟ್ ರಿಪೋರ್ಟ್ ಕೇಳಿ. ಕೊಡೋಕೆ ಸತಾಯಿಸೋ ಸೊಸೈಟಿಲಿ ಆ ಸ್ವಲ್ಪನೂ ಇಡ್ಬೇಡಿ.

ಪ್ರಶ್ನೆ: ನಮ್ದು ಹಳೇ ರೋಡಲ್ಲಿ ವಡೆ, ಕಾಫಿ ಅಂಗಡಿ. ಎಕ್ಸ್‌ಪ್ರೆಸ್‌ವೇ ಬೈಪಾಸ್ ಆದ್ಮೇಲೆ ವ್ಯಾಪಾರ ಅರ್ಧ ಆಯ್ತು. ಜಾಗ ಮಾರ್ಬಿಡು ಅಂತ ಮನೆಲಿ ಅಂತಾರೆ.
ಮದ್ದೂರು

2023ರ ಮಾರ್ಚ್ 12ಕ್ಕೆ ಆ ರೋಡ್ ಉದ್ಘಾಟನೆ ಆದಾಗ ಬೆಂಗಳೂರಿಂದ ಮೈಸೂರಿಗೆ ಒಂದೂವರೆ ಗಂಟೆ ಅಂತ ಎಲ್ರೂ ಖುಷಿಪಟ್ರು, ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ನಿಮ್ಮ ವಡೆ ಇವರಿಗೆಲ್ಲ ಏನಾಗುತ್ತೆ ಅಂತ ಕೇಳಿದವ್ರು ಕಮ್ಮಿ. ಆ ಕಾರುಗಳು ವಾಪಸ್ ಬರ್ತವೆ ಅಂತ ನಿಮಗೆ ಸುಳ್ಳು ಆಸೆ ಹುಟ್ಟಿಸಲ್ಲ ನಾನು. ಆದ್ರೆ ಮದ್ದೂರು ವಡೆ ಸಾಂಬಾರ್ ವಡೆ ಥರ ಅಲ್ಲ, ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ ಹಾಕಿ ಗರಿಗರಿಯಾಗಿ ಕರಿಯೋದ್ರಿಂದ ತಣ್ಣಗಾದ್ರೂ ತಿನ್ನೋಕಾಗುತ್ತೆ, ಕಟ್ಕೊಂಡು ಹೋಗೋಕಾಗುತ್ತೆ. ಗಿರಾಕಿ ಬರ್ದಿದ್ರೆ ವಡೆನೇ ಅವ್ರ ಹತ್ರ ಹೋಗ್ಬೋದು. ನಿಮ್ಮ ಒಬ್ಬರ ಬಾಣಲೆಲಿ ಅದಾಗಲ್ಲ. ಹಳೇ ರೋಡಿನ ಹತ್ತು ಹನ್ನೆರಡು ಅಂಗಡಿಯವ್ರು ಸೇರಿ ಒಂದೇ ಅಡುಗೆಮನೆ ಮಾಡಿ, ಒಂದೇ ಗಾಡಿಲಿ ಬೆಳಗ್ಗೆ ಬೆಂಗಳೂರಿಗೂ ಮೈಸೂರಿಗೂ ಕಳಿಸಿದ್ರೆ ಆಗುತ್ತೆ. ಎಕ್ಸ್‌ಪ್ರೆಸ್‌ವೇ ಪಕ್ಕ ಪ್ರಯಾಣಿಕರ ವಿಶ್ರಾಂತಿ ಜಾಗದಲ್ಲಿ ನಮ್ಗೂ ಒಂದು ಮಳಿಗೆ ಕೊಡಿ ಅಂತ ಕೇಳೋಕೂ ಒಬ್ಬರಿಗಿಂತ ಸಂಘಕ್ಕೆ ಬಾಯಿ ಇರುತ್ತೆ, ನಿಮ್ಮ ಶಾಸಕರ ಮೂಲಕನೇ ಕೇಳಿ. ಜಾಗ ಮಾತ್ರ ಮಾರ್ಬೇಡಿ. ತೀರಾ ಕಷ್ಟ ಆದ್ರೆ ಬಾಡಿಗೆಗೆ ಕೊಡಿ, ಐದು ವರ್ಷದ ಕರಾರು ಸಾಕು, ಅದಕ್ಕಿಂತ ಉದ್ದ ಬೇಡ.

ಪ್ರಶ್ನೆ: ತಾತ ತೀರ್ಕೊಂಡು ನಾಲ್ಕು ವರ್ಷ ಆಯ್ತು. ಅವ್ರ ಟ್ರಂಕಲ್ಲಿ ಊರಿನ ಸೊಸೈಟಿದು ಹಳೇ ಷೇರು ಪತ್ರ ಸಿಕ್ತು, 100 ರೂಪಾಯಿದು. ಇದಕ್ಕೇನಾದ್ರೂ ಬೆಲೆ ಇದ್ಯಾ, ಎಸೆದ್ಬಿಡ್ಲಾ?
ನಾಗಮಂಗಲ

ಎಸೀಬೇಡ ಕಣಮ್ಮ. 100 ರೂಪಾಯಿಗೆ ಇವತ್ತು ಏನೂ ಬರಲ್ಲ ನಿಜ, ಆದ್ರೆ ಆ ಹಾಳೆ ಮೇಲೆ ನಿಮ್ಮ ತಾತನಿಗೆ ಒಂದು ಓಟಿತ್ತು, ಗೊಬ್ಬರ, ಬೆಳೆ ಸಾಲ ತಗೊಳ್ಳೋ ಹಕ್ಕಿತ್ತು. ಸೊಸೈಟಿಗೆ ಹೋಗಿ ಸದಸ್ಯರ ರಿಜಿಸ್ಟರಲ್ಲಿ ತಾತನ ಹೆಸರಿನ ಮುಂದೆ ನಾಮಿನಿ ಅಂತ ಯಾರ ಹೆಸರಿದೆ ನೋಡ್ಸು. ಮರಣ ಪತ್ರ, ವಂಶವೃಕ್ಷ, ಆಧಾರ್, ಎರಡು ಫೋಟೋ ತಗೊಂಡ್ಹೋಗು, ಮನೆಯವ್ರೆಲ್ಲ ಒಪ್ಪಿದ್ರೆ ನಿನ್ನ ಹೆಸರಿಗೇ ಮಾಡ್ಸ್ಕೋ, ಸೊಸೈಟಿ ಸದಸ್ಯರ ಪಟ್ಟಿಲಿ ಹೆಣ್ಮಕ್ಕಳ ಹೆಸರು ಎಷ್ಟಿದೆ ಅಂತ ಹಾಗೇ ಎಣ್ಸ್ಕೊಂಡು ಬಾ, ಮುಂದಿನ ಸಂಚಿಕೆಗೆ ನಂಗೆ ಬರೀ. ಅರ್ಜಿ ಕೊಟ್ಟಿದ್ದಕ್ಕೆ ಸೀಲ್ ಹಾಕಿದ ಕಾಪಿ ಇಸ್ಕೊಳ್ದೆ ಎದ್ದು ಬರ್ಬೇಡ. ಸಭೆಗೆ ಬರ್ದಿರೋರ ಹೆಸರು ಅನರ್ಹ ಮತದಾರರ ಪಟ್ಟಿಗೆ ಹೋಗೋದು ನಮ್ಮ ಕಡೆ ಸೊಸೈಟಿಗಳಲ್ಲಿ ಆಗಿರೋದೇ, ಅದಕ್ಕೆ ಸೆಪ್ಟೆಂಬರ್ ಸಭೆಗೆ ಮುಂಚೆ ಈ ಕೆಲಸ ಮುಗಿಸ್ಕೋ, ನೋಟೀಸ್ ಬಂದ ದಿನ ಲೆಕ್ಕಪತ್ರದ ಪುಸ್ತಕನೂ ಕೇಳಿ ತಗೋ, ಗೊಬ್ಬರದ ಪುಟದಿಂದ ಓದೋಕೆ ಶುರು ಮಾಡು.